ಸಂದರ್ಶನದ ಉಡುಪನ್ನು ಕುರ್ಚಿಯಲ್ಲಿ ಕುಳಿತು ಆರಿಸಿ

ಹಲವು ವರ್ಷ ಕೆಲಸದ ಸಂದರ್ಶನಗಳಲ್ಲಿ ಮೇಜಿನ ಆಚೆ ಬದಿಯಲ್ಲಿ ಕುಳಿತಿದ್ದೇನೆ. ಎದುರಿಗೆ ಬಂದು ಕುಳಿತ ಅಷ್ಟು ಜನರಲ್ಲಿ ಯಾರು ಯಾವ ಬಣ್ಣದ ಅಂಗಿ ತೊಟ್ಟಿದ್ದರು ಎಂದು ಕೇಳಿದರೆ ನನಗೆ ನೆನಪಿಲ್ಲ. ಆದರೆ ಬಿಗಿಯಾದ ಕಾಲರಿನೊಳಗೆ ಮತ್ತೆ ಮತ್ತೆ ಬೆರಳು ತೂರಿಸಿ ಎಳೆದುಕೊಳ್ಳುತ್ತಿದ್ದ ಒಬ್ಬ ಯುವಕ ಇಂದಿಗೂ ಕಣ್ಣ ಮುಂದಿದ್ದಾನೆ. ಲೆಕ್ಕಪತ್ರದ ಕೆಲಸದಲ್ಲಿ ಅವನಿಗೆ ಒಳ್ಳೆಯ ಹಿಡಿತವಿತ್ತು. ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರವನ್ನೇ ಕೊಟ್ಟ. ಆದರೂ ಅವನು ಹೊರಗೆ ಹೋದ ಮೇಲೆ ನನ್ನ ಪಕ್ಕದಲ್ಲಿದ್ದವರು ಮೊದಲು ಆಡಿದ ಮಾತು, “ಹುಡುಗ ತುಂಬಾ ಗಾಬರಿಯಾಗಿದ್ದ.” ಅವನಿಗೆ ಗಾಬರಿಯೇನೂ ಆಗಿರಲಿಲ್ಲ. ಕುತ್ತಿಗೆಗೆ ಉಸಿರಾಡಲು ಜಾಗವಿರಲಿಲ್ಲ, ಅಷ್ಟೇ.

ಆ ದಿನ ಮನೆಯಿಂದ ಹೊರಡುವಾಗ ಅವನು ಕನ್ನಡಿಯ ಮುಂದೆ ನಿಂತು ನೋಡಿಕೊಂಡಿರುತ್ತಾನೆ, ಚೆನ್ನಾಗಿಯೂ ಕಂಡಿರುತ್ತಾನೆ. ಎಡವಿದ್ದು ಅಲ್ಲೇ. ಸಂದರ್ಶನ ನಡೆಯುವುದು ಕುಳಿತು, ಅದೂ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ, ಮೈ ಸ್ವಲ್ಪ ಬಿಸಿಯಾಗಿರುವಾಗ. ನಾವು ಬಟ್ಟೆ ಆರಿಸುವುದು ಮಾತ್ರ ನಿಂತುಕೊಂಡು, ಎರಡು ನಿಮಿಷದಲ್ಲಿ. ಈ ಲೇಖನದಲ್ಲಿರುವ ಸಲಹೆಗಳೆಲ್ಲ ಈ ಅಂತರವನ್ನು ತುಂಬುವುದಕ್ಕಾಗಿ.

ಮನುಷ್ಯರನ್ನು ಬಟ್ಟೆಯಿಂದ ಅಳೆಯುವುದು ಅನ್ಯಾಯ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆದರೆ ನೋಡುವವರ ಕಣ್ಣು ಅವರ ನಂಬಿಕೆಯನ್ನು ಕೇಳುವುದಿಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರ ಒಂದು ಅಧ್ಯಯನ 2019ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಒಂದೇ ಮುಖವನ್ನು ಬೇರೆ ಬೇರೆ ಮೇಲುಡುಪಿನೊಂದಿಗೆ ತೋರಿಸಿದಾಗ, ತುಸು ಸ್ಥಿತಿವಂತರದೆಂದು ತೋರುವ ಉಡುಪಿನಲ್ಲಿದ್ದ ಮುಖವನ್ನು ಜನ ಹೆಚ್ಚು ಸಮರ್ಥ ಎಂದು ಗುರುತಿಸಿದರು. ಚಿತ್ರ ಕಣ್ಣಿಗೆ ಬಿದ್ದದ್ದು ಒಂದು ಸೆಕೆಂಡಿನ ಸುಮಾರು ಎಂಟನೇ ಒಂದು ಭಾಗದಷ್ಟು ಹೊತ್ತು ಇದ್ದಾಗಲೂ ಹೀಗೇ ಆಯಿತು. ಬಟ್ಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಮೊದಲೇ ಹೇಳಿದ್ದರೂ ಫಲಿತಾಂಶ ಬದಲಾಗಲಿಲ್ಲ. ಆ ಚಿತ್ರಗಳಲ್ಲಿ ಐಷಾರಾಮಿ ಉಡುಪುಗಳೇನೂ ಇರಲಿಲ್ಲ, ವ್ಯತ್ಯಾಸ ಬಹಳ ಸೂಕ್ಷ್ಮವಾಗಿತ್ತು. ನನ್ನ ಅನುಭವದಲ್ಲಿ, ಇರುವ ಬಟ್ಟೆಯೇ ಮೈಗೆ ಸರಿಯಾಗಿ ಕೂತು, ಚೊಕ್ಕಟವಾಗಿದ್ದರೆ ಈ ಅಂತರದ ಬಹುಪಾಲು ಅಳಿಸಿಹೋಗುತ್ತದೆ.

ಮೊದಲು: ಅಲ್ಲಿಯವರು ಏನು ತೊಡುತ್ತಾರೆ ಎಂದು ತಿಳಿದುಕೊಳ್ಳಿ

ಸಂಸ್ಥೆಯ ಜಾಲತಾಣದಲ್ಲಿರುವ ಚಿತ್ರಗಳನ್ನು ನೋಡಿ. ಸಮಾರಂಭದ ಚಿತ್ರಗಳಿಂದ ಏನೂ ತಿಳಿಯುವುದಿಲ್ಲ, ಮಾಮೂಲಿ ದಿನದಲ್ಲಿ ಕೆಲಸ ಮಾಡುತ್ತಿರುವವರ ಚಿತ್ರಗಳನ್ನು ಹುಡುಕಿ. ಕಚೇರಿ ಹತ್ತಿರದಲ್ಲಿದ್ದರೆ ಕೆಲಸ ಬಿಡುವ ಹೊತ್ತಿಗೆ ಒಮ್ಮೆ ಆ ದಾರಿಯಲ್ಲಿ ಹಾದುಹೋಗಿ. ಹತ್ತು ನಿಮಿಷದಲ್ಲಿ ಎಲ್ಲ ಗೊತ್ತಾಗುತ್ತದೆ. ಇವೆರಡೂ ಆಗದಿದ್ದರೆ ಸಂದರ್ಶನದ ಪತ್ರ ಕಳಿಸಿದವರನ್ನೇ ಕೇಳಿ: “ಸಂದರ್ಶನಕ್ಕೆ ಯಾವ ಬಗೆಯ ಉಡುಪು ಸೂಕ್ತ ಎಂದು ದಯವಿಟ್ಟು ತಿಳಿಸುವಿರಾ?” ಹೀಗೆ ಕೇಳಿದವರನ್ನು ಯಾರೂ ಕೀಳಾಗಿ ಕಂಡದ್ದನ್ನು ನಾನು ನೋಡಿಲ್ಲ. ಸಿದ್ಧತೆ ಮಾಡಿಕೊಳ್ಳುವ ಮನುಷ್ಯ ಎಂಬ ಭಾವನೆಯೇ ಬರುತ್ತದೆ.

ತಿಳಿದ ಮೇಲೆ, ಅಲ್ಲಿಯ ದಿನನಿತ್ಯದ ಉಡುಪಿಗಿಂತ ಒಂದು ಮೆಟ್ಟಿಲು ಮೇಲಿನದನ್ನು ಆರಿಸಿ. ಎಲ್ಲರೂ ಟೀಶರ್ಟ್ ಮತ್ತು ಜೀನ್ಸ್‌ನಲ್ಲಿರುವ ಕಡೆಗೆ ಕಾಲರ್ ಇರುವ ಶರ್ಟು, ಮಾಮೂಲಿ ಪ್ಯಾಂಟು ಸಾಕು. ಶರ್ಟು ಪ್ಯಾಂಟಿನ ಕಚೇರಿಗೆ ಅದರ ಮೇಲೊಂದು ಕೋಟು. ಬ್ಯಾಂಕು, ಕಾನೂನು, ಹಣಕಾಸಿನ ಸಲಹಾ ಸಂಸ್ಥೆಗಳಲ್ಲಿ ದಿನವೂ ಕೋಟು ತೊಡುವ ರೂಢಿಯಿದ್ದರೆ ಟೈ ಸೇರಿಸಿ ಪೂರ್ತಿ ಸೂಟು. ಸೀರೆ, ಚೂಡಿದಾರ್ ಉಡುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಹಗುರವಾದ ದಿನಬಳಕೆಯ ಸೀರೆಗೂ ಮಡಿಕೆ ನಿಲ್ಲುವ ಹತ್ತಿಯ ಅಥವಾ ಸರಳ ರೇಷ್ಮೆಯ ಸೀರೆಗೂ ನಡುವೆ ಇರುವುದು ಆ ಒಂದು ಮೆಟ್ಟಿಲು. ಜರಿಯ ದೊಡ್ಡಂಚಿನ ಸೀರೆ ಮೂರು ಮೆಟ್ಟಿಲು ಮೇಲಕ್ಕೆ ಹೋಗುತ್ತದೆ, ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಕಾರ್ಖಾನೆ, ಕಟ್ಟಡದ ಕೆಲಸ, ಪ್ರಯೋಗಾಲಯ, ದೊಡ್ಡ ಅಡುಗೆಮನೆಗಳ ಸಂದರ್ಶನ ಬೇರೆಯೇ ಬಗೆಯದು. ಅಲ್ಲಿ ಮಾತುಕತೆಯ ನಡುವೆ “ಬನ್ನಿ, ಒಳಗೆ ನೋಡಿ ಬರೋಣ” ಎನ್ನುವುದು ಸಾಮಾನ್ಯ. ಬೆರಳು ಕಾಣುವ ಚಪ್ಪಲಿ, ಜೋಲುವ ತೋಳು, ಹಾರುವ ದುಪಟ್ಟಾ, ನೇತಾಡುವ ಸರ ಇದ್ದರೆ ಸುರಕ್ಷತೆಯ ಕಾರಣಕ್ಕೆ ನಿಮ್ಮನ್ನು ಬಾಗಿಲಲ್ಲೇ ನಿಲ್ಲಿಸಬೇಕಾಗುತ್ತದೆ. ಮುಚ್ಚಿದ ಶೂ, ಮೈಗೆ ಹತ್ತಿರವಾದ ತೋಳು, ಕಟ್ಟಿದ ಕೂದಲು ಇದ್ದರೆ ಈ ಕೆಲಸ ಇವರಿಗೆ ಗೊತ್ತು ಎಂದು ನೀವು ಬಾಯಿ ತೆರೆಯುವ ಮೊದಲೇ ತಿಳಿದುಬಿಡುತ್ತದೆ. ಚಿಕ್ಕ ಮಕ್ಕಳಿಗೆ ಕಲಿಸುವ ಕೆಲಸಕ್ಕೆ ಹೋಗುವವರು ನೆಲದ ಮೇಲೆ ಕುಳಿತು ಏಳಬಹುದಾದ ಬಟ್ಟೆ ತೊಡಲಿ. ಮಾದರಿ ಪಾಠ ಮಾಡಿಸಿದಾಗ ಇದರ ಬೆಲೆ ತಿಳಿಯುತ್ತದೆ.

ಎರಡನೆಯದು: ಕಪಾಟಿನಲ್ಲಿರುವುದನ್ನೇ ಮೊದಲು ತೆಗೆಯಿರಿ

ಕೊಳ್ಳಲು ಓಡಬೇಡಿ. ಹಿಂದೆ ನಾಲ್ಕಾರು ಬಾರಿ ತೊಟ್ಟು, ದಿನವಿಡೀ ಓಡಾಡಿ, ತೊಟ್ಟಿದ್ದೇ ಮರೆತುಹೋಗಿದ್ದ ಬಟ್ಟೆ ಒಂದಾದರೂ ಇದ್ದೇ ಇರುತ್ತದೆ. ಅದು ಹೊಸದಕ್ಕಿಂತ ಮೇಲು. ಬಣ್ಣ ಮಾಸಿಲ್ಲದಿದ್ದರೆ, ಕಾಲರಿನ ಮಡಿಕೆಯಲ್ಲಿ ಮತ್ತು ತೋಳಿನ ತುದಿಯಲ್ಲಿ ದಾರ ಎದ್ದಿಲ್ಲದಿದ್ದರೆ ಅದನ್ನೇ ಮುಂದೆ ಇಡಿ. ಅದರ ಜೊತೆಗೆ ಇನ್ನೊಂದು ಜೊತೆಯನ್ನೂ ಸಿದ್ಧಮಾಡಿಕೊಳ್ಳಿ. ಬೆಳಿಗ್ಗೆ ಕಾಫಿ ಚೆಲ್ಲಿದರೆ ಅದು ನಿಮ್ಮನ್ನು ಕಾಪಾಡುತ್ತದೆ.

ಸ್ನೇಹಿತರಿಂದ ಎರವಲು ತರುವುದರಲ್ಲಿ ನಾಚಿಕೆಯಿಲ್ಲ. ಆದರೆ ಶೂ ಮಾತ್ರ ಎರವಲು ಬೇಡ. ನನ್ನ ಮೊದಲ ಸಂದರ್ಶನಕ್ಕೆ ಗೆಳೆಯನ ಶೂ ಹಾಕಿಕೊಂಡು ಹೋಗಿದ್ದೆ, ಕಾಲಿಗಿಂತ ಅರ್ಧ ಅಳತೆ ಚಿಕ್ಕದು. ಬಸ್ಸಿನಿಂದ ಇಳಿದು ನಡೆದ ಆ ದೂರದಲ್ಲಿ ಹಿಮ್ಮಡಿ ಸುಲಿದಿತ್ತು. ಅಂದು ಕೇಳಿದ ಪ್ರಶ್ನೆಗಳಲ್ಲಿ ಒಂದೂ ನನ್ನ ನೆನಪಿನಲ್ಲಿ ಉಳಿದಿಲ್ಲ, ಆ ಉರಿ ಉಳಿದಿದೆ.

ಮೂರನೆಯದು: ಕುಳಿತು ನೋಡುವ ಪರೀಕ್ಷೆ

ಸಂದರ್ಶನಕ್ಕೆ ನಾಲ್ಕೈದು ದಿನ ಇರುವಾಗಲೇ ಇದನ್ನು ಮಾಡಿ. ಏನಾದರೂ ಸರಿಪಡಿಸಬೇಕಾದರೆ ದರ್ಜಿಗೆ ಸಮಯ ಬೇಕಾಗುತ್ತದೆ. ಒಳಬಟ್ಟೆಯಿಂದ ಶೂವರೆಗೆ ಎಲ್ಲವನ್ನೂ ತೊಟ್ಟು, ಮೇಜಿನ ಮುಂದೆ ಗಟ್ಟಿ ಕುರ್ಚಿಯಲ್ಲಿ ಇಪ್ಪತ್ತು ನಿಮಿಷ ಕುಳಿತುಕೊಳ್ಳಿ. ಮನೆಯವರೊಬ್ಬರನ್ನು ಎದುರಿಗೆ ಕೂರಿಸಿ, ನಾಲ್ಕು ಪ್ರಶ್ನೆ ಕೇಳಲು ಹೇಳಿ. ಕುಳಿತ ಮಟ್ಟದಿಂದಲೇ ಮೊಬೈಲಿನಲ್ಲಿ ನಿಮ್ಮ ಚಿತ್ರ ತೆಗೆಯಲಿ, ಸಾಧ್ಯವಾದರೆ ಎರಡು ನಿಮಿಷದ ವಿಡಿಯೋ ಕೂಡ. ಸಂದರ್ಶಕರು ನೋಡುವುದು ಇದೇ ಕೋನದಿಂದ. ಕನ್ನಡಿ ಇದನ್ನು ಎಂದೂ ತೋರಿಸುವುದಿಲ್ಲ.

ಚಿತ್ರದಲ್ಲಿ ಮೊದಲು ಗುಂಡಿಗಳನ್ನು ನೋಡಿ. ನಿಂತಾಗ ಸರಿಯಾಗಿದ್ದ ಶರ್ಟು ಕುಳಿತಾಗ ಹೊಟ್ಟೆಯ ಬಳಿ, ಎದೆಯ ಬಳಿ ಬಾಯಿ ಬಿಡುತ್ತದೆ. ಸಣ್ಣ ಬಿರುಕಾದರೆ ಒಳಗಿನಿಂದ ಒಂದು ಪ್ರೆಸ್ ಗುಂಡಿ ಹೊಲಿಸಿದರೆ ಮುಗಿಯಿತು. ದೊಡ್ಡದಾದರೆ ಆ ಶರ್ಟನ್ನು ಬಿಟ್ಟುಬಿಡಿ. ಕಾಲರಿನ ಮೇಲಿನ ಗುಂಡಿ ಹಾಕಿದ ಮೇಲೆ ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು.

ಆಮೇಲೆ ಕಾಲಿನ ಕಡೆ. ಕುಳಿತಾಗ ಪ್ಯಾಂಟು ಮೇಲಕ್ಕೆ ಸರಿಯುತ್ತದೆ. ಕಾಲುಚೀಲ ಗಿಡ್ಡವಾಗಿದ್ದರೆ ನಡುವೆ ಬರಿಯ ಚರ್ಮ ಕಾಣುತ್ತದೆ. ಮೀನಖಂಡದ ಅರ್ಧದವರೆಗೆ ಬರುವ, ಪ್ಯಾಂಟಿನ ಬಣ್ಣಕ್ಕೆ ಹತ್ತಿರವಾದ ಕಾಲುಚೀಲ ತೊಡಿ. ಸ್ಕರ್ಟು ತೊಡುವವರು ಕುಳಿತಾಗ ಅಂಚು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ನೋಡಲಿ. ಕೈಯಿಂದ ಎಳೆದುಕೊಳ್ಳಬೇಕು ಎನ್ನಿಸಿದ ಕ್ಷಣವೇ ಅದು ಈ ದಿನದ ಬಟ್ಟೆಯಲ್ಲ ಎಂದು ತೀರ್ಮಾನಿಸಿ. ಕುರ್ತಾದ ಪಕ್ಕದ ಸೀಳು ಸೊಂಟದವರೆಗೆ ತೆರೆದುಕೊಂಡರೆ ನಾಲ್ಕು ಹೊಲಿಗೆ ಹೆಚ್ಚು ಹಾಕಿಸಿ. ಸೀರೆಯಾದರೆ ಕುಳಿತು ಎದ್ದ ಮೇಲೆ ನೆರಿಗೆ ಜರುಗಿದೆಯೇ, ಸೆರಗು ತೋಳಿನ ಮೇಲೆ ಇಳಿಯುತ್ತಿದೆಯೇ ನೋಡಿ. ಸೆರಗಿನ ಮಡಿಕೆಗಳನ್ನು ಭುಜದ ಬಳಿ ರವಿಕೆಗೆ ಸೇರಿಸಿ ಪಿನ್ನು ಹಾಕಿದರೆ ಎರಡೂ ಕೈ ಬಿಡುವಾಗುತ್ತವೆ. ಕಡತ ಬಿಚ್ಚಿ ತೋರಿಸುವಾಗ ಇದು ಬಹಳ ದೊಡ್ಡ ಅನುಕೂಲ.

ಕೋಟಿನ ವಿಷಯದಲ್ಲಿ ಎರಡು ಮಾತು. ಒಂದೇ ಸಾಲು ಗುಂಡಿಯ ಕೋಟಿನಲ್ಲಿ ಕೆಳಗಿನ ಗುಂಡಿಯನ್ನು ಹಾಕುವ ರೂಢಿ ಇಲ್ಲ. ಕುಳಿತುಕೊಳ್ಳುವಾಗ ಮೇಲಿನದನ್ನೂ ಬಿಚ್ಚಬೇಕು, ಏಳುವಾಗ ಮತ್ತೆ ಹಾಕಬೇಕು. ಇದು ಕೈಗೆ ತಾನಾಗಿ ಬರುವವರೆಗೆ ಹತ್ತು ಸಲ ಮನೆಯಲ್ಲೇ ಕುಳಿತು ಎದ್ದು ಅಭ್ಯಾಸ ಮಾಡಿ.

ಕುಳಿತಾದ ಮೇಲೆ ಉಳಿದ ಚಲನೆಗಳನ್ನೂ ಮಾಡಿ ನೋಡಿ. ಬಲಗೈ ಮುಂದೆ ಚಾಚಿ ಕೈ ಕುಲುಕಿ. ಗೋಡೆಯ ಮೇಲಿನ ಹಲಗೆಗೆ ಬರೆಯುವಂತೆ ತೋಳೆತ್ತಿ, ಶರ್ಟು ಸೊಂಟದಿಂದ ಹೊರಗೆ ಬಂದರೆ ಅದರ ಉದ್ದ ಸಾಲದು. ಬಗ್ಗಿ ನೆಲದಿಂದ ಚೀಲ ಎತ್ತಿ, ಬೆನ್ನೂ ಕೊರಳೂ ಏನು ತೋರಿಸುತ್ತವೆ ಎಂದು ಎದುರಿಗಿರುವವರನ್ನು ಕೇಳಿ. ಒಂದು ಸಲ ಮೆಟ್ಟಿಲು ಹತ್ತಿ ಇಳಿಯಿರಿ.

ಗಾಲಿಕುರ್ಚಿ ಬಳಸುವವರಿಗೆ ಈ ಪರೀಕ್ಷೆ ಇನ್ನೂ ಮುಖ್ಯ, ಏಕೆಂದರೆ ಅಂಗಡಿಯ ಬಟ್ಟೆಯೆಲ್ಲ ನಿಂತ ಮೈಗೆಂದೇ ಹೊಲಿದದ್ದು. ಉದ್ದದ ಕೋಟು ತೊಡೆಯ ಮೇಲೆ ಮುದ್ದೆಯಾಗುತ್ತದೆ, ಹಿಂದೆ ಒತ್ತುತ್ತದೆ. ಸೊಂಟಕ್ಕೆ ನಿಲ್ಲುವ ಗಿಡ್ಡ ಕೋಟು, ಹಿಂಬದಿ ತುಸು ಎತ್ತರವಿರುವ ಪ್ಯಾಂಟು, ಗಾಲಿಗೆ ತಾಗದ ತೋಳು ಹಿತವಾಗಿರುತ್ತವೆ. ಗರ್ಭಿಣಿಯರು ಸೊಂಟ ಬಿಗಿಯದ ಉಡುಪಿನ ಮೇಲೆ ಗುಂಡಿ ಹಾಕದ ಕೋಟು ತೊಟ್ಟರೆ ಸಾಕು. ತಲೆವಸ್ತ್ರ, ಪೇಟ, ನಂಬಿಕೆಯ ಗುರುತುಗಳನ್ನು ಬಚ್ಚಿಡುವ ಅಗತ್ಯವಿಲ್ಲ. ಅವೂ ಉಳಿದ ಬಟ್ಟೆಯಂತೆ ಚೊಕ್ಕಟವಾಗಿ, ಜಾರದಂತೆ ಇದ್ದರೆ ಆಯಿತು.

ದರ್ಜಿಯ ಬಳಿ

ಭುಜದ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲೇ ಮುಗಿಯಬೇಕು. ಅದು ತೋಳಿಗೆ ಇಳಿದಿದ್ದರೆ ಆ ಕೋಟನ್ನು ಸರಿಮಾಡಿಸುವುದು ಕಷ್ಟ, ಖರ್ಚೂ ಹೆಚ್ಚು, ಕೈಬಿಡುವುದೇ ಲೇಸು. ತೋಳಿನ ಉದ್ದ, ಪ್ಯಾಂಟಿನ ಉದ್ದ, ಸೊಂಟ, ಪಕ್ಕದ ಸಡಿಲು ಇವೆಲ್ಲ ಸುಲಭವಾಗಿ ತಿದ್ದಬಹುದಾದವು. ಶರ್ಟಿನ ತೋಳು ಮಣಿಕಟ್ಟಿನ ಮೂಳೆಯ ಬಳಿ ನಿಲ್ಲಲಿ, ಕೋಟಿನ ತೋಳು ಅದಕ್ಕಿಂತ ಸುಮಾರು 1 ಸೆಂಟಿಮೀಟರ್ ಗಿಡ್ಡವಿರಲಿ. ಪ್ಯಾಂಟಿನ ಅಳತೆ ಕೊಡುವಾಗ ಸಂದರ್ಶನಕ್ಕೆ ಹಾಕುವ ಶೂವನ್ನೇ ಹಾಕಿಕೊಂಡು ಹೋಗಿ. ಚಪ್ಪಲಿಯಲ್ಲಿ ನಿಂತು ಕೊಟ್ಟ ಅಳತೆ ಶೂ ಹಾಕಿದಾಗ ತಪ್ಪುತ್ತದೆ. ಟೈ ಕಟ್ಟುವವರ ಟೈಯ ತುದಿ ಬೆಲ್ಟಿನ ಬಕಲಿನವರೆಗೆ ಬಂದರೆ ಸರಿ.

ಬಟ್ಟೆ, ಬಣ್ಣ, ಬೆವರು

ಕಡುನೀಲಿ, ಬೂದು, ಕಂದು, ಬಿಳಿ, ತಿಳಿನೀಲಿ: ಇವು ಎಲ್ಲ ಕಡೆಯೂ ಸಲ್ಲುತ್ತವೆ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ನಿಮಗೆ ಒಪ್ಪುವ ಇನ್ನೊಂದು ಬಣ್ಣವಿದ್ದರೆ ಅದನ್ನೂ ತೊಡಬಹುದು. ನಾನು ಹೇಳಬೇಕೆಂದಿರುವುದು ಬೆವರಿನ ಬಗ್ಗೆ. ಆತಂಕದ ದಿನ ಎಲ್ಲರೂ ಬೆವರುತ್ತಾರೆ. ತಿಳಿಬೂದು ಮತ್ತು ತಿಳಿನೀಲಿ ಬಟ್ಟೆಯಲ್ಲಿ ಒದ್ದೆಯಾದ ಜಾಗ ಎದ್ದು ಕಾಣುತ್ತದೆ. ಬಿಳಿ, ಕಡುನೀಲಿ, ಸಣ್ಣ ವಿನ್ಯಾಸದ ಬಟ್ಟೆಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಬಟ್ಟೆಯ ಒಳಮೂಲೆಗೆ ಎರಡು ಹನಿ ನೀರು ಹಾಕಿದರೆ ಉತ್ತರ ಅಲ್ಲೇ ಸಿಗುತ್ತದೆ. ಬೆವರು ಕಟ್ಟುವ ಲೇಪನ ಬಳಸುವವರು ಹಿಂದಿನ ರಾತ್ರಿ ಒಣಗಿದ ಚರ್ಮಕ್ಕೆ ಹಚ್ಚಿದರೆ ಬೆಳಿಗ್ಗೆ ಹಚ್ಚುವುದಕ್ಕಿಂತ ಹೆಚ್ಚು ಫಲ ಸಿಗುತ್ತದೆ.

ಅಪ್ಪಟ ಹತ್ತಿ ಬೆವರನ್ನು ಹೀರುತ್ತದೆ, ಆದರೆ ಬೇಗ ಸುಕ್ಕಾಗುತ್ತದೆ. ಲಿನನ್ ಅದಕ್ಕಿಂತಲೂ ಬೇಗ. ಪಾಲಿಯೆಸ್ಟರ್ ಸುಕ್ಕಾಗುವುದಿಲ್ಲ, ಆದರೆ ತೇವ ಹೀರದೆ ವಾಸನೆ ಹಿಡಿದಿಟ್ಟುಕೊಳ್ಳುತ್ತದೆ. ದೂರದಿಂದ ಪ್ರಯಾಣ ಮಾಡಿ ಬರುವವರಿಗೆ ಹತ್ತಿ ಹೆಚ್ಚಿರುವ ಮಿಶ್ರ ಬಟ್ಟೆ ನಡುದಾರಿ. ಬಟ್ಟೆಯ ಅಂಚನ್ನು ಮುಷ್ಟಿಯಲ್ಲಿ ಹದಿನೈದು ಸೆಕೆಂಡು ಬಿಗಿಹಿಡಿದು ಬಿಡಿ. ಸುಕ್ಕು ಎಷ್ಟು ಉಳಿಯಿತೋ, ಬಸ್ಸಿನ ಆಸನದಿಂದ ಏಳುವಾಗ ನಿಮ್ಮ ಬೆನ್ನ ಮೇಲೆ ಸುಮಾರು ಅಷ್ಟೇ ಉಳಿಯುತ್ತದೆ.

ತಿಳಿ ಬಣ್ಣದ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುವುದನ್ನು ಮರೆಯಬೇಡಿ. ಬಿಳಿ ಶರ್ಟಿನ ಒಳಗೆ ಬಿಳಿ ಬನಿಯನ್ ಎದ್ದು ಕಾಣುತ್ತದೆ. ನಿಮ್ಮ ಚರ್ಮದ ಬಣ್ಣಕ್ಕೆ ಹತ್ತಿರವಾದ ಒಳಉಡುಪು ಕಾಣುವುದಿಲ್ಲ.

ಇಂಥ ಬಟ್ಟೆ ತೊಟ್ಟರೆ ಬುದ್ಧಿಯೇ ಚುರುಕಾಗುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ವೈದ್ಯರ ಬಿಳಿ ಕೋಟು ತೊಟ್ಟವರ ಗಮನಶಕ್ತಿ ಹೆಚ್ಚುತ್ತದೆ ಎಂದ 2012ರ ಒಂದು ಪ್ರಯೋಗದಿಂದ ಅದು ಹಬ್ಬಿತು. 2019ರಲ್ಲಿ ಆ ಪ್ರಯೋಗವನ್ನು ಹೆಚ್ಚು ಜನರ ಮೇಲೆ ಮತ್ತೆ ಮಾಡಿದಾಗ ಅದೇ ಫಲಿತಾಂಶ ಬರಲಿಲ್ಲ. ಹಾಗಾಗಿ ಅದೃಷ್ಟದ ಅಂಗಿಗಾಗಿ ಹುಡುಕಾಡುವ ಹೊತ್ತನ್ನು ಓದಿಗೆ ಕೊಡಿ.

ಶೂ, ಚೀಲ, ಒಡವೆ, ಸುಗಂಧ

ಸಂಜೆಯ ಹೊತ್ತಿಗೆ ಪಾದ ತುಸು ಊದಿಕೊಂಡಿರುತ್ತದೆ, ಶೂ ಕೊಳ್ಳುವುದಿದ್ದರೆ ಆಗಲೇ ಹೋಗಿ. ಕೊಂಡ ಮೇಲೆ ಮನೆಯೊಳಗೆ ನಾಲ್ಕೈದು ದಿನ ದಿನಕ್ಕೊಂದು ಗಂಟೆ ಹಾಕಿ ಓಡಾಡಿ. ಪಾಲಿಷನ್ನು ಹಿಂದಿನ ರಾತ್ರಿಯೇ ಮುಗಿಸಿ, ಬೆಳಿಗ್ಗೆ ಹಚ್ಚಿದರೆ ಕೈಗೂ ಪ್ಯಾಂಟಿನ ಅಂಚಿಗೂ ಹತ್ತುತ್ತದೆ. ಬೆಲ್ಟಿನ ಬಣ್ಣ ಶೂಗೆ ಹೊಂದಲಿ. ಹಿಮ್ಮಡಿ ಎತ್ತರದ ಚಪ್ಪಲಿ ರೂಢಿಯಿಲ್ಲದವರು ಅಂದೇ ರೂಢಿ ಮಾಡಿಕೊಳ್ಳಲು ಹೋಗಬಾರದು. ಬಳೆ, ಗೆಜ್ಜೆ, ಕೀಲಿಗೊಂಚಲು ಸದ್ದು ಮಾಡಿದರೆ ತೆಗೆದಿಡಿ. ಸುಗಂಧ ಹಾಕಲೇಬೇಡಿ ಅಥವಾ ತೀರಾ ಕಡಿಮೆ ಹಾಕಿ. ಮುಚ್ಚಿದ ಕೋಣೆಯಲ್ಲಿ ಎದುರಿಗಿರುವವರಿಗೆ ಉಬ್ಬಸವಿರಬಹುದು.

ಸಂದರ್ಶನ ವಿಡಿಯೋದಲ್ಲಾದರೆ

ಕ್ಯಾಮೆರಾದ ಕಣ್ಣು ಮನುಷ್ಯರ ಕಣ್ಣಿನಂತಲ್ಲ. ಒತ್ತೊತ್ತಾದ ಸಣ್ಣ ಗೆರೆಗಳೂ ಚಿಕ್ಕ ಚೌಕಗಳೂ ಪರದೆಯ ಮೇಲೆ ಅಲೆಯಲೆಯಾಗಿ ಮಿನುಗುತ್ತವೆ. ಅಚ್ಚಬಿಳಿ ಬಟ್ಟೆ ಚೌಕಟ್ಟನ್ನು ತುಂಬಿದರೆ ಕ್ಯಾಮೆರಾ ಬೆಳಕನ್ನು ತಗ್ಗಿಸಿ ಮುಖವನ್ನು ಕಪ್ಪಾಗಿಸುತ್ತದೆ. ಗೋಡೆಯ ಬಣ್ಣದ್ದೇ ಬಟ್ಟೆ ತೊಟ್ಟರೆ ತಲೆಯೊಂದೇ ತೇಲಿದಂತೆ ಕಾಣುತ್ತದೆ. ಕೃತಕ ಹಿನ್ನೆಲೆ ಬಳಸಲು ಹಿಂದೆ ಹಸಿರು ಪರದೆ ಕಟ್ಟಿದವರು ಹಸಿರು ಬಟ್ಟೆ ಬಿಡಬೇಕು, ಇಲ್ಲದಿದ್ದರೆ ಮೈಯೂ ಹಿನ್ನೆಲೆಯಲ್ಲಿ ಕರಗುತ್ತದೆ. ಮಧ್ಯಮ ಗಾಢತೆಯ ಒಂದೇ ಬಣ್ಣದ ಶರ್ಟು ಅಥವಾ ಕುರ್ತಾ ಎಲ್ಲಕ್ಕಿಂತ ಸುರಕ್ಷಿತ. ಸೊಂಟದ ಕೆಳಗೂ ಪೂರ್ತಿ ಉಡುಪು ಇರಲಿ. ದಾಖಲೆ ತರಲು, ಬಾಗಿಲು ಹಾಕಲು ಏಳಬೇಕಾದೀತು. ಹಿಂದಿನ ದಿನ ಅದೇ ಹೊತ್ತಿನಲ್ಲಿ, ಅದೇ ಕೋಣೆಯಲ್ಲಿ, ಅದೇ ಬಟ್ಟೆಯಲ್ಲಿ ಗೆಳೆಯರೊಬ್ಬರಿಗೆ ಕರೆ ಮಾಡಿ ನೋಡಿ. ಕಿಟಕಿಯ ಬೆಳಕು ಗಂಟೆಗೊಂದು ಬಗೆ.

ಹಿಂದಿನ ಸಂಜೆ ಮತ್ತು ಆ ಬೆಳಿಗ್ಗೆ

ಹತ್ತಿಯನ್ನು ತುಸು ಒದ್ದೆಯಿರುವಾಗಲೇ ಇಸ್ತ್ರಿ ಮಾಡಿದರೆ ಸುಕ್ಕು ಬೇಗ ಬಿಡುತ್ತದೆ. ಕಡುಬಣ್ಣದ ಪ್ಯಾಂಟನ್ನು ಒಳಮಗ್ಗುಲು ಹೊರಗೆ ಮಾಡಿ ಇಸ್ತ್ರಿ ಹಾಕಿ, ಇಲ್ಲದಿದ್ದರೆ ತೊಡೆಯ ಮೇಲೆ ಹೊಳಪು ಏಳುತ್ತದೆ. ಹೊಸ ಕೋಟಾದರೆ ಹಿಂಬದಿಯ ಸೀಳಿಗೆ ಹಾಕಿರುವ ಅಡ್ಡ ಹೊಲಿಗೆಯನ್ನೂ ತೋಳಿನ ಮೇಲಿನ ಚೀಟಿಯನ್ನೂ ಬಿಚ್ಚಿ ತೆಗೆಯಿರಿ. ಅವು ಅಂಗಡಿಯಲ್ಲಿ ಬಟ್ಟೆಯ ಆಕಾರ ಕೆಡದಿರಲು ಮತ್ತು ಗುರುತಿಗೆ ಹಾಕಿದವು. ಗುಂಡಿಗಳನ್ನು ಒಂದೊಂದಾಗಿ ಮೆಲ್ಲನೆ ಎಳೆದು ನೋಡಿ.

ಒಂದು ಚಿಕ್ಕ ಚೀಲದಲ್ಲಿ ನಾಲ್ಕು ಪಿನ್ನು, ಸೂಜಿ ದಾರ, ಕರವಸ್ತ್ರ, ಶೂ ಒರೆಸುವ ಬಟ್ಟೆ, ಬಾಚಣಿಗೆ, ಇನ್ನೊಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಮಳೆಯ ದಿನ ಆ ಒಣ ಕಾಲುಚೀಲಕ್ಕೆ ಬೆಲೆ ಕಟ್ಟಲಾಗದು. ಕೋಟನ್ನು ದಾರಿಯಲ್ಲಿ ತೊಡಬೇಡಿ, ಒಳಮಗ್ಗುಲು ಹೊರಗೆ ಮಾಡಿ ಮಡಿಸಿ ತೋಳಿನ ಮೇಲೆ ಹಾಕಿಕೊಳ್ಳಿ. ಹದಿನೈದು ನಿಮಿಷ ಮುಂಚೆ ತಲುಪಿ, ಮುಖ ತೊಳೆದು, ಬೆವರು ಆರಿದ ಮೇಲೆ ತೊಡಿ.

ಇಷ್ಟೆಲ್ಲ ಮಾಡಿದರೂ ಕೆಸರು ಸಿಡಿಯಬಹುದು, ಗುಂಡಿ ಹಾರಬಹುದು. ಆಗ “ಬರುವ ದಾರಿಯಲ್ಲಿ ಕೆಸರು ಸಿಡಿಯಿತು, ಕ್ಷಮಿಸಿ” ಎಂದು ಒಂದೇ ವಾಕ್ಯದಲ್ಲಿ ಹೇಳಿ ಕುಳಿತುಕೊಳ್ಳಿ. ಹೇಳದೆ ಕೈಯಿಂದ ಮುಚ್ಚಿಕೊಳ್ಳಲು ಹೋದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಹೀಗೆ ನೇರವಾಗಿ ಹೇಳಿದ ಹೆಣ್ಣುಮಗಳೊಬ್ಬಳಿಗೆ ನಾವು ಕೆಲಸ ಕೊಟ್ಟಿದ್ದೇವೆ.

ಮನೆಗೆ ಬಂದ ಮೇಲೆ ಬಟ್ಟೆಯನ್ನು ಗಾಳಿಗೆ ತೂಗುಹಾಕಿ, ಎಲ್ಲಿ ಬಿಗಿಯಿತು, ಎಲ್ಲಿ ಜಾರಿತು ಎಂದು ಅಂದೇ ಬರೆದಿಟ್ಟುಕೊಳ್ಳಿ. ಎರಡನೇ ಸುತ್ತಿಗೆ ಮೂರೇ ದಿನದಲ್ಲಿ ಕರೆ ಬರಬಹುದು. ಅದೇ ಕೋಟು, ಅದೇ ಪ್ಯಾಂಟು ಸಾಕು, ಶರ್ಟನ್ನಷ್ಟೇ ಬದಲಿಸಿ. ಆ ಹೊಸ ಶರ್ಟಿನಲ್ಲೂ ಇಪ್ಪತ್ತು ನಿಮಿಷ ಕುಳಿತು ನೋಡಿ.